ಹಾಲಮ್ಮ ಮುಚ್ಚಿದ ಉಂಗುರಗಳು

“ಎದುರಿಗೆ ಏನೈತಿ ಹೇಳು!” ಕೊಟ್ರೇಶಪ್ಪನವರು ಎದೆಯುಬ್ಬಿಸಿ ಕೇಳಿದರು.

“ಕಂಬ,” ಎಂದಳು ಹಾಲಮ್ಮ. “ಎಡಕ್ಕೆ ಕುರ್ಚಿ. ಅದರ ಪಕ್ಕ ನೀವು! ಹೊಟ್ಟೀನೇ ಮೊದ್ಲು ಸಿಕ್ತು ನೋಡ್ರಿ!”

ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮನುಷ್ಯನಿಗೆ ಕಣ್ಣೀರೇ ಬಂತು. ಹೆಂಡತಿಯ ಎರಡೂ ಕಣ್ಣು ಹೋಗಿ ಎಂಟು ತಿಂಗಳಾಗಿತ್ತು. ಅವಳು ಗೋಡೆ ಹಿಡಿದೇ ಓಡಾಡುತ್ತಿದ್ದಳು, ನಗುವುದನ್ನೇ ಬಿಟ್ಟಿದ್ದಳು. ಅವಳಿಗೆ ತಾನು ಮತ್ತೆ ಕಾಣಬೇಕೆಂಬ ಒಂದೇ ಹಟದಿಂದ ಅವರು ಈ ಎದೆಪಟ್ಟಿ ಮಾಡಿದ್ದರು. ಬಟ್ಟೆಯ ಮೇಲೆ ತಾಮ್ರದ ಇನ್ನೂರು ಪುಟ್ಟ ಉಂಗುರ. ವಸ್ತುಗಳಿಗೆ ಬಡಿದು ಮರಳುವ ರೇಡಿಯೋ ಅಲೆಗಳನ್ನು ಹಿಡಿದು, ಅವು ಎಲ್ಲಿವೆಯೆಂದು ಬೆರಳಿನಿಂದ ಒತ್ತಿದಂತೆ ಅವಳ ಮೈಗೆ ತಿಳಿಸುತ್ತಿತ್ತು.

ಸುಖ ನಾಲ್ಕೇ ದಿನ. ಐದನೆಯ ಬೆಳಿಗ್ಗೆ ಹಾಲಮ್ಮ ಕಂಬಕ್ಕೆ ಹಣೆ ಚಚ್ಚಿಕೊಂಡಳು.

“ಕಂಬ ಕಾಣ್ಲಿಲ್ಲೇನು?”

“ಕಂಬ ಎಲ್ಲೈತ್ರೀ? ರೈಲ್ವೆ ಗೇಟ್ ಹಾಕ್ಯಾರ. ಎರಡು ಲಾರಿ ನಿಂತಾವ!”

ರೈಲ್ವೆ ಗೇಟು ಮೂರು ಕಿಲೋಮೀಟರ್ ದೂರ! ಪಟ್ಟಿ ಬಿಚ್ಚಿ ನೋಡಿದ ಕೊಟ್ರೇಶಪ್ಪನವರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಪ್ರತಿ ಉಂಗುರದಲ್ಲೂ ಅವರು ಬೇಕೆಂದೇ ಬಿಟ್ಟಿದ್ದ ಸಂದು ಜರಿ ದಾರದಿಂದ ಮುಚ್ಚಿಹೋಗಿತ್ತು.

“ನಾನೇ ಹೊಲ್ದೆ,” ಎಂದಳು ಹಾಲಮ್ಮ. “ಬೆರಳಿಗೆ ಸಿಕ್ತು. ರಂಗೋಲಿ ಗೆರೆ ಬಾಯಿ ಬಿಟ್ಕೊಂಡಿದ್ರೆ ಮನೆಗೆ ಒಳ್ಳೇದಲ್ಲ.”

“ಇದು ರಂಗೋಲಿ ಅಲ್ಲ ನಮ್ಮವ್ವಾ! ಆ ಸಂದಿನಾಗೇ ಎಲ್ಲಾ ಇತ್ತು! ಮುಚ್ಚಿದ್ರ ಹತ್ತಿರದ್ದು ಹೋಗಿ ದೂರದ್ದಷ್ಟೇ ಕಾಣ್ತೈತಿ!”

“ಮೊದ್ಲೇ ಹೇಳ್ಬೇಕಿತ್ತು! ಕಣ್ಣಿಲ್ದೆ ಇನ್ನೂರು ಹೊಲಿಯೋದು ಅಂದ್ರೆ ಸುಮ್ನೇನಾ?”

ಜರಿ ಕೀಳಲು ಹೋದರೆ ತಾಮ್ರವೇ ಕಿತ್ತು ಬಂತು. ಇನ್ನೊಂದು ಪಟ್ಟಿ ಮಾಡೋಣವೆಂದರೆ ಮೊದಲ ಇನ್ನೂರು ಉಂಗುರ ಕೂರಿಸುವಷ್ಟರಲ್ಲೇ ಅವರ ಕೈ ಸೋತುಹೋಗಿತ್ತು.

ಸುದ್ದಿ ಹಬ್ಬಿ ಮನೆ ಮುಂದೆ ಓಣಿಯವರ ಸಾಲು! ಬಸ್ ಎಲ್ಲಿ ಬಂತು, ತಪ್ಪಿಸಿಕೊಂಡ ಆಕಳು ಎಲ್ಲಿ ಮೇಯುತ್ತಿದೆ, ಎಲ್ಲವನ್ನೂ ಹಾಲಮ್ಮ ಕೂತಲ್ಲೇ ಹೇಳಿದಳು. ಹೇಳಿ ಎದ್ದವಳು ಎದುರಿಗಿದ್ದ ಗಂಡನನ್ನೇ ಎಡವಿ ಬಿದ್ದಳು. ಊರೆಲ್ಲ ಕಾಣುವವಳಿಗೆ ತಾನೊಬ್ಬನೇ ಕಾಣುವುದಿಲ್ಲವಲ್ಲ ಎಂದು ಕೊಟ್ರೇಶಪ್ಪನವರು ಹಿತ್ತಲಿಗೆ ಹೋಗಿ ಅತ್ತರು.

ಮರುದಿನ ಮಧ್ಯಾಹ್ನ ಅವರು ಬಿಸಿಲಲ್ಲೇ ನಡೆದು ರೈಲ್ವೆ ಗೇಟಿಗೆ ಹೋದರು. ಅಲ್ಲಿಂದ ಫೋನ್ ಮಾಡಿದರು.

“ಕಾಣ್ತೀನೇನು?”

ಆಚೆ ಕಡೆ ಕುರ್ಚಿ ಸರಿದ ಸದ್ದಾಯಿತು.

“ಕಾಣ್ತೀರಿ,” ಎಂದಳು ಹಾಲಮ್ಮ. ದನಿ ಒದ್ದೆಯಾಗಿತ್ತು. “ಎಷ್ಟು ಸೊರಗೀರಲ್ರೀ! ಹಂಗೇ ನಿಂತಿರ್ರಿ ಸ್ವಲ್ಪ.”

ಅಂದಿನಿಂದ ದಿನವೂ ಅದೇ ಹೊತ್ತಿಗೆ ಅವರು ಅಲ್ಲಿ ಹಾಜರು. ಗೇಟಿನವನು ಒಂದು ವಾರ ನೋಡಿ, ಕಡೆಗೆ ಕೇಳಿಯೇಬಿಟ್ಟ.

“ಯಜಮಾನ್ರೇ, ದಿನಾ ಬಂದು ನಿಲ್ತೀರಲ್ಲ, ಯಾರಾದ್ರೂ ಊರಿಂದ ಬರೋರು ಅದಾರೇನ್ರೀ?”

“ಇಲ್ಲಪ್ಪ,” ಎಂದರು ಕೊಟ್ರೇಶಪ್ಪನವರು. “ಮನ್ಯಾಗಿರೋ ಹೆಂಡ್ತಿಗೆ ಮುಖ ತೋರಿಸ್ಬೇಕಿತ್ತು.”