ತಿಥಿ ದಿನ ಡೀಸಿ ಕೊಟ್ಟ ರಜಾ

ಡೀಸಿ ಸಾಹೇಬರಿಗೆ ನನ್ನ ಗಂಡನ ತಿಥಿ ಯಾವತ್ತು ಅಂತ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಅವತ್ತೇ ಇಸ್ಕೂಲಿಗೆ ರಜಾ ಕೊಡ್ತಿರಲಿಲ್ಲ ಅಂತ ನನ್ನ ನಂಬಿಕೆ. ಅವರದೂ ಒಂದು ಮನೆ ಅಂತ ಇರುತ್ತೆ. ಆ ಮನೇಲೂ ಯಾರೋ ಸತ್ತಿರ್ತಾರೆ.

ನಮ್ಮನೆಯವರದು ಪಂಚರ್ ಅಂಗಡಿ. ಗುಬ್ಬಿ ರೋಡಿಂದ ನಮ್ಮೂರಿಗೆ ತಿರುಗೋ ಕಡೆ, ಇಸ್ಕೂಲಿನ ಎದುರಿಗೆ. ಮುಂದೆ ಅಂಗಡಿ, ಹಿಂದೆ ಮನೆ. ದೊಡ್ಡೋರ ಗಾಡಿಗೆ ಕಾಸು, ಮಕ್ಕಳ ಸೈಕಲ್ಲಿಗೆ ಪುಕ್ಕಟೆ. ನಾನು ಬೈದ್ರೆ, "ಗಾಳಿಗೆಂಥಾ ಕಾಸೇ, ಬುಡು" ಅನ್ನೋರು. ಮಕ್ಕಳು ಗಾಳಿ ತಾತ ಅಂತಲೇ ಕರೀತಿದ್ದವು. ಹೋದ ವರ್ಷ ಇದೇ ಚಳೀಲಿ ಎದೆಗೆ ಕಫ ಕಟ್ಟಿತು. ಊರಿಗೆಲ್ಲ ಗಾಳಿ ತುಂಬಿದ ಮನುಷ್ಯನಿಗೆ ಕೊನೇಲಿ ಗಾಳಿ ಸಾಲಲಿಲ್ಲ. (ಆಸ್ಪತ್ರೇಲಿ ಈ ಮಾತು ಆಡಿ ನಾನೇ ನಕ್ಕುಬಿಟ್ಟೆ. ನರ್ಸಮ್ಮ ಹೆದರಿಕೊಂಡು ನನಗೂ ಬೀಪಿ ನೋಡಿದಳು.)

ಹನ್ನೊಂದನೇ ದಿನದ ಊಟದಲ್ಲಿ ನನ್ನ ಮಾನ ಹೋಯ್ತು. ಎಡೆಗೆ ಇಡೋ ಅಡುಗೇನ ಮಾಡೋರು ರುಚಿ ನೋಡೋ ಹಂಗಿಲ್ಲ. ನನಗೋ ನಾಲಿಗೆಗೆ ಹಚ್ಚಿ ನೋಡದೆ ಉಪ್ಪಿನ ಅಂದಾಜೇ ಸಿಗಲ್ಲ. ಅದಕ್ಕೆ ನಮ್ಮತ್ತೆ ಮಾವನ ತಿಥಿಗೆಲ್ಲ ಇವರೇ ಅಂಗಡಿಯಿಂದ ಎದ್ದು ಬಂದು, ಕೈ ತೊಳೆದು, ಹಿಡಿ ಲೆಕ್ಕದಲ್ಲಿ ಉಪ್ಪು ಹಾಕಿ ಹೋಗೋರು. ಒಂದು ಸಲಾನೂ ತಪ್ಪಿದ್ದಿಲ್ಲ. ಹನ್ನೊಂದನೇ ದಿನ ನೋಡಿದ್ರೆ ಉಪ್ಪು ಹಾಕೋ ಮನುಷ್ಯನೇ ಫೋಟೋ ಆಗಿ ಕೂತಿದ್ದರು. ಉಪ್ಪು ಯಾರಿಗೂ ನೆನಪಾಗಲಿಲ್ಲ. ಸಾರು ಸಪ್ಪೆ. ಅವರ ಅಣ್ಣ, ನಮ್ಮ ಕುಣಿಗಲ್ ಭಾವ ಚಿಕ್ಕಮಾರಯ್ಯನವರು, ಪಂಕ್ತಿ ಮಧ್ಯೆ ಕೂತು ಗಟ್ಟಿಯಾಗಿ ಕೇಳಿದರು: "ಏನಮ್ಮಾ, ಹೋದೋನು ಹೋದ, ಹೋಗ್ತಾ ಉಪ್ಪೂ ಹೊತ್ಕೊಂಡು ಹೋದ್ನಾ?" ಪಂಕ್ತಿಗೆ ಪಂಕ್ತೀನೇ ನಕ್ಕಿತು. ನಾನು ಮೂಲೇಲಿ ಕೂತಿದ್ದೆ. ಮರೀಲಿಲ್ಲ.

ಅದಕ್ಕೆ ಈ ವರ್ಷ ತಿಥಿ ಹತ್ರ ಬಂದಾಗ ಘನಘೋರ ತೀರ್ಮಾನ ಮಾಡಿದೆ. ನೆಂಟರಿಗೆ ಊಟ ಇಲ್ಲ. ಇಸ್ಕೂಲ್ ಮಕ್ಕಳಿಗೆ ಹಾಕ್ತೀನಿ. ನಮ್ಮನೆಯವರ ಕೈಲಿ ಗಾಳಿ ತುಂಬಿಸ್ಕೊಂಡ ಮಕ್ಕಳು ಅವರ ಹೆಸರಲ್ಲಿ ಉಣ್ಣಲಿ. ನನಗೆ ಬೇಕಾದ್ದು ಅಷ್ಟೇ. ಭಾವ ಫೋನ್ ಮಾಡಿದರು.

"ಎಷ್ಟೊತ್ತಿಗೆ ಬರ್ಲಮ್ಮ?"

"ಬರ್ಬೇಡಿ ಭಾವ. ಈ ಸಲ ಮಕ್ಕಳಿಗೆ ಮಾತ್ರ."

"ನಾನು ಅವನ ಅಣ್ಣ ಕಣಮ್ಮ."

"ಒಂದನೇ ಕ್ಲಾಸಿಗೆ ಸೇರ್ಕೊಳ್ಳಿ. ಊಟ ಹಾಕ್ತೀನಿ."

ಫೋನ್ ಇಟ್ಟರು. ವರ್ಷದಲ್ಲಿ ಮೊದಲನೇ ಸಲ ನನಗೆ ಚೆನ್ನಾಗಿ ನಿದ್ದೆ ಬಂತು.

ಇಸ್ಕೂಲಿನ ಭೂಮಿಕಾ ಮಿಸ್ಸು ಒಪ್ಪಿದಳು. ಬಿಸಿಯೂಟದೋರಿಗೆ ಅವತ್ತು ಒಲೆ ಹಚ್ಚಬೇಡಿ ಅಂತ ಹೇಳಿದಳು. ತುಮಕೂರಿನ ಶಿರಾ ಗೇಟಲ್ಲಿ ಬಟ್ಟೆ ಅಂಗಡಿ ಕೆಲಸಕ್ಕಿರೋ ನನ್ನ ಮಗಳು ಮಾನಸಾ ಹಿಂದಿನ ದಿನವೇ ಬಂದಳು. ಇಬ್ಬರೂ ಕೋಳಿ ಕೂಗೋ ಮುಂಚೆ ಎದ್ದು ಅವರೆಕಾಳು ಸಾರು, ಅನ್ನ, ಪಾಯಸ ಅಂತ ದೊಡ್ಡ ಪಾತ್ರೆಗಳನ್ನ ಒಲೆ ಮೇಲೆ ಏರಿಸಿದೆವು. ಅವರ ಕೈ ಹೆಂಗೆ ಹೋಗ್ತಿತ್ತು ಅಂತ ಕಣ್ಮುಚ್ಚಿ ನೆನೆಸ್ಕೊಂಡು ಸಾರಿಗೆ ಉಪ್ಪು ಹಾಕಿದೆ. ಈ ಸಲ ಮರೀಲಿಲ್ಲ.

ಹೊರಗೆ ಜಿಟಿಜಿಟಿ ಮಳೆ. ಮದ್ರಾಸ್ ಕಡೆ ಸೈಕ್ಲೋನಂತೆ. ನಮ್ಮ ಬಯಲಲ್ಲಿ ಗಾಳಿಗೆ ಅಡ್ಡ ಅನ್ನೋದೇ ಇಲ್ಲ. ದೇವರಾಯನದುರ್ಗದ ಕಡೆಯಿಂದ ಹೊರಟಿದ್ದು ಸೀದಾ ನಮ್ಮ ಅಡುಗೆಮನೆಗೇ ಬಂದು ನಿಲ್ಲುತ್ತೆ. ಪಾಯಸ ಕುದಿಯೋ ಹೊತ್ತಿಗೆ ಮಾನಸಾ ಫೋನ್ ನೋಡಿ, "ಅಮ್ಮಾ" ಅಂದಳು. ಆ ದನೀಲಿ ಅವಳು ಕರೆದಿದ್ದು ಆಸ್ಪತ್ರೇಲಿ ಒಂದು ಸಲ.

"ಏನೇ? ಹೇಳೇ!"

"ಇಸ್ಕೂಲಿಗೆ ರಜಾ ಅಂತೆ. ಚಳಿ, ಮಳೆ ಅಂತ. ಡೀಸಿ ಆರ್ಡರು."

"ಚಳಿಗೆ ರಜಾ ಕೊಡ್ತಾರೇನೇ? ಚಳಿಗೆ ಬಿಸಿಬಿಸಿ ಊಟ ಕೊಡ್ತಾರೆ!"

ಮಿಸ್ಸಿಗೆ ಫೋನ್ ಮಾಡಿದೆ. "ಬೇಜಾರ್ ಮಾಡ್ಕೋಬೇಡಿ ಅಮ್ಮ. ಬೀಗ ತೆಗೆದ್ರೆ ನನ್ನ ಸಸ್ಪೆಂಡ್ ಮಾಡ್ತಾರೆ. ತಿಥಿ ನಾಳೆ ಇಟ್ಕೊಳ್ಳೋಕೆ ಆಗಲ್ವಾ?" ಅಂದಳು.

"ಅವರು ನಾಳೆ ಸತ್ತಿದ್ದಿದ್ರೆ ನಾಳೆ ಇಟ್ಕೊಂತಿದ್ದೆ" ಅಂದೆ. ಮಿಸ್ಸು ಅತ್ತುಬಿಟ್ಟಳು. ಅವಳನ್ನ ಸಮಾಧಾನ ಮಾಡೋ ಕೆಲಸಾನೂ ನನಗೇ ಬಿತ್ತು.

ಆಚೆ ಬಂದು ನೋಡಿದೆ. ರೋಡಲ್ಲಿ ಒಂದು ಮಗು ಇಲ್ಲ. ಎಲ್ಲಾ ಕಂಬಳಿ ಒಳಗೆ. ಅಷ್ಟು ಅಡುಗೇನ ಯಾರಿಗೆ ಹಾಕ್ಲಿ? ಕಣ್ಣು ಅಂಗಡಿ ಶಟರಿನ ಮೇಲೆ ಹೋಯ್ತು. ವರ್ಷದಿಂದ ಎತ್ತಿರಲಿಲ್ಲ. ಎತ್ತಿದೆ. ಹಾಳಾದ್ದು ಊರಿಗೆಲ್ಲ ಕೇಳೋ ಹಂಗೆ ಕಿರುಚಿತು. ಒಳಗಿದ್ದ ಗಾಳಿ ಪಂಪು ತಂದು, ಅವರು ಇಡ್ತಿದ್ದ ಜಾಗದಲ್ಲೇ, ಹೊರಗಡೆ ಇಟ್ಟೆ.

ಸ್ವಲ್ಪ ಹೊತ್ತಿಗೆ ಒಂದು ಮಗು ತಲೆಗೆ ಗೋಣಿಚೀಲ ಹಾಕ್ಕೊಂಡು ಸೈಕಲ್ ತಳ್ಕೊಂಡು ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಹಿಂಡು. ವರ್ಷದಿಂದ ಊರಲ್ಲಿ ಗಾಳಿ ಹಾಕೋರಿಲ್ಲ. ಅಷ್ಟೂ ಚಕ್ರ ನೆಲ ಕಚ್ಚಿದ್ದವು.

"ಅಜ್ಜಿ, ಗಾಳಿ ಹೊಡೀತೀಯಾ?"

"ಮೊದಲು ಎಡೆ, ಆಮೇಲೆ ಊಟ, ಆಮೇಲೆ ಗಾಳಿ. ಉಣ್ಣದಿದ್ದೋರಿಗೆ ಗಾಳಿ ಇಲ್ಲ."

ಹಿಂಗೆ ನಾನು ಡೀಸಿ ಆರ್ಡರನ್ನ ಗೆದ್ದು ನಿಂತಿರೋವಾಗ ಬಸ್ಸಿಳಿದು ಬಂದರು ಭಾವ. ಮಂಕಿ ಟೋಪಿ, ಒದ್ದೆ ಪಂಚೆ, ಗಡಗಡ ನಡುಕ.

"ನಾನು ಊಟಕ್ಕೆ ಬಂದೋನಲ್ಲ" ಅಂದರು, ನಾನು ಬಾಯಿ ತೆಗೆಯೋ ಮುಂಚೆ. "ನಮ್ಮ ಕಡೇನೂ ರಜಾ. ನಿನ್ನ ಮಕ್ಕಳು ಬರಲ್ಲ, ಅಡುಗೆ ದಂಡ ಆಗುತ್ತೆ, ನೋಡಿ ನಕ್ಕು ಹೋಗಾಣ ಅಂತ ಬಂದೆ."

"ನೋಡಿದ್ರಲ್ಲ. ನಗಿ."

ಭಾವ ಮಕ್ಕಳನ್ನ ನೋಡಿದರು. ಪಂಪು ನೋಡಿದರು. ನಗಲಿಲ್ಲ. "ಒಲೆ ಹತ್ರ ಹೋಗಿ ಕೈ ಕಾಯಿಸ್ಕೊಂಡು ಬರ್ತೀನಿ" ಅಂತ ಒಳಗೆ ಹೋದರು.

ಎಡೆ ಇಟ್ಟೆವು. ಆಮೇಲೆ ಅಂಗಡಿಯೊಳಗೆ, ಟೈರುಗಳ ಮಧ್ಯೆ, ಮಕ್ಕಳನ್ನ ಕೂರಿಸಿ ಬಡಿಸಿದೆ. ಭಾವನಿಗೂ ಎಲೆ ಹಾಕಿದೆ, ಬಾಗಿಲ ಹತ್ರ, ಗಾಳಿ ಬಡಿಯೋ ಕಡೆ. ಬಾಯಿಗಿಟ್ಟ ತಕ್ಷಣ ಎಲ್ಲರೂ ಗಪ್‌ಚುಪ್. ಹಸಿದ ಮಕ್ಕಳು ಹಂಗೇ, ಮಾತಾಡಲ್ಲ ಅಂದ್ಕೊಂಡೆ. ಎದೆ ತುಂಬಿ ಬಂತು.

"ಅಜ್ಜಿ, ನೀರು."

"ಅಜ್ಜಿ, ನನಗೂ."

ಕೊಡ ಖಾಲಿ ಆಯ್ತು. ಇನ್ನೊಂದು ತಂದೆ. ಇಂಥಾ ಚಳೀಲಿ ಇದೇನು ಬಾಯಾರಿಕೆಯಪ್ಪಾ ಅಂದ್ಕೊಂಡೆ. ಮಕ್ಕಳು ಪಾಯಸಕ್ಕೆ ಮಾತ್ರ ಮತ್ತೆ ಮತ್ತೆ ಕೈ ಚಾಚಿದವು.

"ಸಾರು ಹೆಂಗಿದೆ ಭಾವ?" ನಾನು ಬೇಕು ಅಂತಲೇ ಕೇಳಿದೆ, ಗಟ್ಟಿಯಾಗಿ.

ಭಾವನ ಕಣ್ಣಲ್ಲಿ ನೀರಿತ್ತು. "ಉಪ್ಪು ಇದೆ ಕಣಮ್ಮ" ಅಂದರು. ಎಲೆಯಲ್ಲಿ ಒಂದು ಕಾಳೂ ಬಿಡಲಿಲ್ಲ. ಎದ್ದವರೇ ಪಂಪು ಹಿಡಿದು, ಕೆಮ್ಮಿಕೊಂಡು ಮಕ್ಕಳ ಸೈಕಲ್ಲಿಗೆಲ್ಲ ಗಾಳಿ ಹೊಡೆಯೋಕೆ ನಿಂತರು.

ಗೋಣಿಚೀಲದ ಮಗು ಹೋಗ್ತಾ ಕೇಳಿತು. "ನಾಳೇನೂ ರಜಾ ಅಂತೆ ಅಜ್ಜಿ. ಗಾಳಿಗೆ ಬರ್ಲಾ?"

"ಬಾ. ಊಟಾನೂ ಹಾಕ್ತೀನಿ."

"ಬ್ಯಾಡ. ಗಾಳಿ ಸಾಕು."

ಎಂಥಾ ಮಾನಸ್ಥ ಮಕ್ಕಳು ಅಂದ್ಕೊಂಡೆ.

ಎಲ್ಲರದೂ ಆದ ಮೇಲೆ ನಾನು ಎಲೆ ಮುಂದೆ ಕೂತೆ. ಅವತ್ತಿನ ಮೊದಲನೇ ತುತ್ತು. ನುಂಗೋಕಾಗಲಿಲ್ಲ, ಉಗಿಯೋಕಾಗಲಿಲ್ಲ. ಬಾಯೆಲ್ಲ ಉಪ್ಪು.

ಮಾನಸಾ ತಲೆ ತಗ್ಗಿಸಿದಳು. "ಹೋದ್ಸಲದ ಹಂಗೆ ಮರ್ತಿರ್ತೀಯ ಅಂತ, ನೀನು ಶಟರ್ ಎತ್ತೋಕೆ ಹೋದಾಗ ನಾನೂ ಹಾಕ್ದೆ ಕಣಮ್ಮ."

"ನೀನು ಹಾಕಿದ್ರೂ ಇಷ್ಟು ಆಗಲ್ವಲ್ಲೇ!"

ಹೊರಗೆ ಪಂಪಿನ ಸದ್ದು ನಿಂತಿತು. ಭಾವ ಬಾಗಿಲಲ್ಲಿ ನಿಂತು ಮಂಕಿ ಟೋಪಿ ತೆಗೆದರು. "ಒಲೆ ಹತ್ರ ಹೋಗಿದ್ದೆನಲ್ಲಮ್ಮ. ಅವತ್ತು ಪಂಕ್ತೀಲಿ ಹಂಗಂದಿದ್ದು ವರ್ಷವೆಲ್ಲ ಚುಚ್ತಿತ್ತು. ಈ ಸಲ ಯಾರೂ ನಿನ್ನ ಏನೂ ಅನ್ನಬಾರದು ಅಂತ... ಎರಡು ಹಿಡಿ."

ನಮ್ಮನೆಯವರೊಬ್ಬರೇ ಹಾಕ್ತಿದ್ದ ಉಪ್ಪನ್ನ ನಾವು ಮೂರು ಜನ ಸೇರಿ ಹಾಕಿದ್ದೆವು.

ಎದ್ದು ಒಳಗೆ ಹೋದೆ. ಫೋಟೋ ಮುಂದೆ ಎಡೆ ಹಂಗೇ ಇತ್ತು. ಅನ್ನದ ಮೇಲೆ ಅದೇ ಸಾರು. ಪಕ್ಕದಲ್ಲಿ ಒಂದು ಸಣ್ಣ ಲೋಟದಲ್ಲಿ ನೀರು.

ದೊಡ್ಡ ಚೊಂಬು ತಗೊಂಡು ನೀರು ತುಂಬಿ ತಂದು ಇಟ್ಟೆ. ಕಫದ ಮನುಷ್ಯ ಅಂತ, ಬಿಸಿ ಮಾಡಿಯೇ ಇಟ್ಟೆ.