ಶುಗರ್ ಕೆಳಗೆ ಹೋಗಿದೆ

ಆಗ ನನಗೆ ಅರುವತ್ತೇಳು ವರ್ಷ. ಈಗ ಎಪ್ಪತ್ತು, ಅಂದರೆ ಮೂರು ವರ್ಷದ ಹಿಂದಿನ ಮಾತು. ಇದು ಆಧಾರ್ ಕಾರ್ಡಿನ ಲೆಕ್ಕ. ನಮ್ಮ ಅಮ್ಮನನ್ನು ಕೇಳಿದ್ದರೆ ಇನ್ನೆರಡು ಸೇರಿಸುತ್ತಿದ್ದಳೋ, ಕಳೆಯುತ್ತಿದ್ದಳೋ. ನಾನು ಹುಟ್ಟಿದ್ದು ಮನೆಯ ಕೆಂಪು ದನ ಕರು ಹಾಕಿದ ವರ್ಷ ಎಂಬುದಷ್ಟೇ ಅವಳಿಗೆ ಗಟ್ಟಿಯಾಗಿ ನೆನಪಿದ್ದದ್ದು. ಆ ದನ ಎಷ್ಟು ಸಲ ಕರು ಹಾಕಿತ್ತು ಎಂದು ಯಾರೂ ಬರೆದಿಡಲಿಲ್ಲ. ವಯಸ್ಸಾದ ಮೇಲೆ ಬುದ್ಧಿ ಬರುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ವಯಸ್ಸಾದ ಮೇಲೆ ಬರುವುದು ನಿದ್ದೆ, ಅದೂ ಮಧ್ಯಾಹ್ನದ್ದು. ಊಟ ಮಾಡಿ, ಚಾಪೆ ಹಾಸಿ, ಫ್ಯಾನಿನ ಕೆಳಗೆ ಬಿದ್ದುಕೊಂಡರೆ ಪಂಪ್‌ವೆಲ್ಲಿನ ಫ್ಲೈಓವರಿನ ಮೇಲೆ ಓಡುವ ಬಸ್ಸು ಲಾರಿಗಳ ಸದ್ದು ಮೆಲ್ಲಮೆಲ್ಲಗೆ ಕಡಲಿನ ಸದ್ದಾಗುತ್ತದೆ. ಬಾಲ್ಕನಿಯಲ್ಲಿ ಒಣಗಲು ಹಾಕಿದ ಸೀರೆ ಒಮ್ಮೆ ಒಳಗೆ ಬಂದು ನನ್ನನ್ನು ನೋಡಿ ಹೊರಗೆ ಹೋಗುತ್ತದೆ. ಆಮೇಲೆ ಯಾವುದು ಸೀರೆ, ಯಾವುದು ಬೆಳಕು ಎಂದು ಗೊತ್ತಾಗುವುದಿಲ್ಲ. ನಾನು ನನ್ನ ಜನ್ಮದಲ್ಲಿ ಮಾಡಿದ ದೊಡ್ಡ ತಪ್ಪನ್ನು ಮಾಡಿದ್ದು ಈ ನಿದ್ದೆಯೊಳಗೆ. ಎದ್ದು, ಚಪ್ಪಲಿ ಹಾಕಿಕೊಂಡು, ಎರಡು ಮಾಳಿಗೆ ಇಳಿದು ಮಾಡಿದೆ. ಆದರೂ ನಿದ್ದೆಯೊಳಗೇ ಮಾಡಿದೆ.

ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಓದುತ್ತೇನೆ, ಬಸ್ಸಿನ ನಂಬರು ನೋಡಿ ನೋಡಿ ಅಂಕೆ ಚೆನ್ನಾಗಿ ಬರುತ್ತದೆ. ಬಂದರಿನಲ್ಲಿ ನಮ್ಮ ಯಜಮಾನರದ್ದೊಂದು ಚಾದ ಹೋಟೆಲಿತ್ತು. ಮೂಟೆ ಹೊರುವವರು, ಮೀನಿನವರು, ಗೋದಾಮಿನ ರೈಟರುಗಳು ಬಾಗಿಲಲ್ಲಿ ನಿಂತು, "ಅಕ್ಕಾ, ಒಂದು ಶುಗರ್ ಕಮ್ಮಿ", "ಎರಡು ಶುಗರ್ ಜಾಸ್ತಿ" ಎಂದು ಕೂಗುತ್ತಿದ್ದರು. ಮೂವತ್ತು ವರ್ಷ ಶುಗರ್ ಎಂದರೆ ನನಗೆ ಒಂದು ಚಮಚದ ಸಂಗತಿ. ಕಮ್ಮಿಯಾದರೆ ಹಾಕು, ಜಾಸ್ತಿಯಾದರೆ ಇನ್ನೊಂದು ಚಾ ಮಾಡು. ಯಜಮಾನರು ಹೋದರು, ಹೋಟೆಲೂ ಹೋಯಿತು, ನಾನು ಮಗಳು ಸುಜಾತಳ ಮನೆಗೆ ಬಂದೆ. ಅವಳಿಗೆ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಮಾಡುವ ಕೆಲಸ, ಅಳಿಯನಿಗೆ ಹಡಗಿನಲ್ಲಿ ಅಡುಗೆ ಕೆಲಸ. ಅವನು ವರ್ಷಕ್ಕೊಮ್ಮೆ ಬಂದು ನಾಲ್ಕು ಕಿಲೋ ದಪ್ಪವಾಗಿ ಹೋಗುತ್ತಾನೆ. ಹಗಲು ಮನೆಯಲ್ಲಿ ಇರುವುದು ನಾನು ಮತ್ತು ಮೊಮ್ಮಗಳು ಪೂರ್ವಿ.

ಪೂರ್ವಿಗೆ ಐದು ವರ್ಷವಾದಾಗ ಬಾವಿ ಬತ್ತಿಸುವಷ್ಟು ನೀರು ಕುಡಿಯತೊಡಗಿದಳು. ಕೂತಲ್ಲೇ ತೂಕಡಿಸಿದಳು, ಒಣಗಿದ ಮೆಣಸಿನ ಹಾಗಾದಳು. ಆಸ್ಪತ್ರೆಯಲ್ಲಿ ರಕ್ತ ನೋಡಿ "ಶುಗರ್" ಎಂದರು. ನಾನು ಜಗಳಕ್ಕೇ ಹೋದೆ. ಐದು ವರ್ಷದ ಮಗುವಿಗೆ ಎಂತ ಶುಗರ್? ಅದು ಹೋಟೆಲಿಗೆ ಬರುತ್ತಿದ್ದ ಸೇಟುಗಳ ಕಾಯಿಲೆ ಎಂದೆ. ಅಲ್ಲಿಯ ಸಿಸ್ಟರ್ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಮಕ್ಕಳಿಗೂ ಬರುತ್ತದೆ, ಯಾರ ತಪ್ಪೂ ಅಲ್ಲ, ಆದರೆ ದಿನಕ್ಕೆ ನಾಲ್ಕು ಸಲ ಸೂಜಿ ತಪ್ಪುವುದಿಲ್ಲ ಎಂದು ಹೇಳಿದಳು. ಬೆರಳು ಚುಚ್ಚಿ ಮಿಷನ್‌ನಲ್ಲಿ ನಂಬರು ನೋಡಲು ಕಲಿಸಿದಳು. "ಅಜ್ಜಿ, ಎಪ್ಪತ್ತಕ್ಕಿಂತ ಕೆಳಗೆ ಹೋದರೆ ಆ ಕ್ಷಣ ಗ್ಲೂಕೋಸ್ ನೀರು. ತುಂಬ ಮೇಲೆ ಹೋದರೆ ಮಗಳಿಗೆ ಫೋನು. ಮೇಲೆ ಹೋದರೆ ಸ್ವಲ್ಪ ಟೈಮ್ ಉಂಟು. ಕೆಳಗೆ ಹೋದರೆ ಟೈಮ್ ಇಲ್ಲ." ಅಂದಿನಿಂದ ನಮ್ಮ ಮನೆಯಲ್ಲಿ ಕೆಳಗೆ, ಮೇಲೆ ಎಂಬ ಎರಡು ಮಾತು ದೇವರ ನಾಮದ ಹಾಗೆ ಆದವು.

ಏಳು ವರ್ಷಕ್ಕೆ ಅವಳು ವ್ಯಾಪಾರಕ್ಕೆ ಇಳಿದಳು. "ಇನ್ನು ಸೂಜಿಗೆ ಅಳುವುದಿಲ್ಲ. ನಾಯಿಮರಿ ತಂದು ಕೊಡಿ." ಅವಳ ಆಸ್ಪತ್ರೆಯ ಡಾಕ್ಟರಮ್ಮನೂ ತಂದರೆ ಒಳ್ಳೆಯದೇ ಎಂದುಬಿಟ್ಟರು, ಉಚ್ಚೆ ಒರೆಸುವುದು ಅವರಲ್ಲವಲ್ಲ. ಫ್ಲೈಓವರಿನ ಕೆಳಗೆ ಸಿಕ್ಕಿದ ಒಂದು ಕಂದು ಮರಿಯನ್ನು ಸುಜಾತ ಸೀರೆಯ ಸೆರಗಿನಲ್ಲಿ ಸುತ್ತಿ ತಂದಳು. ಅದಕ್ಕೂ ಸೂಜಿ ಹಾಕಿಸಬೇಕಂತೆ. ಒಂದು ಸೂಜಿಗೆ ಅದು ದನದ ಆಸ್ಪತ್ರೆಯ ಹಂಚು ಹಾರುವ ಹಾಗೆ ಕಿರುಚಿತು. ಪೂರ್ವಿ ಅದರ ಕಿವಿ ಹಿಡಿದು, "ಒಂದಕ್ಕೆ ಎಷ್ಟು ಗಲಾಟೆ ಮಾರಾಯ! ನನಗೆ ದಿನಕ್ಕೆ ನಾಲ್ಕು" ಎಂದಳು. ಅಲ್ಲಿ ಕೂತಿದ್ದ ಎಮ್ಮೆಯವನು ಬೀಡಿ ಕೆಳಗಿಟ್ಟು ಇವಳನ್ನೇ ನೋಡಿದ.

ಹೆಸರಿಡುವ ಮಾತು ಬಂತು. ನಾನು ಟಾಮಿ ಎಂದೆ, ನನಗೆ ಗೊತ್ತಿದ್ದದ್ದು ಅದೊಂದೇ. ಅವಳು "ಶುಗರ್" ಎಂದಳು.

"ಮನೆಯಲ್ಲಿ ಇರುವ ಒಂದು ಶುಗರ್ ಸಾಲದಾ ಮಾರಾಯ್ತಿ?"

"ಎಲ್ಲರೂ ನನ್ನ ಹತ್ತಿರ ಅದನ್ನೇ ಕೇಳ್ತಾರಲ್ಲ ಅಜ್ಜಿ, ಶುಗರ್ ಹೇಗುಂಟು, ಶುಗರ್ ಹೇಗುಂಟು ಅಂತ. ಇನ್ನು ಕೇಳಿದರೆ ಇದರದ್ದು ಹೇಳ್ತೇನೆ."

ನಿಜವೇ. ಯಾವ ಕ್ಲಾಸು, ಎಂತ ಆಟ ಆಡ್ತಿ ಎಂದು ಅವಳನ್ನು ಕೇಳುವವರೇ ಇರಲಿಲ್ಲ. ಮರುದಿನವೇ ಕೆಳಗಿನ ಮನೆಯ ಲಿಲ್ಲಿ ಬಾಯಿ ಮೆಟ್ಟಿಲಲ್ಲಿ ಸಿಕ್ಕಿ, ಮುಖವನ್ನು ಸಾವಿನ ಮನೆಗೆ ಹೋದವರ ಹಾಗೆ ಮಾಡಿ, "ಪೂರ್ವೀ, ಶುಗರ್ ಹೇಗುಂಟು ಈಗ?" ಎಂದರು.

"ಒಳ್ಳೆದುಂಟು ಬಾಯಿ. ನಿನ್ನೆ ಅಜ್ಜಿಯ ಚಪ್ಪಲಿ ತಿಂದಿದೆ."

ಲಿಲ್ಲಿ ಬಾಯಿ ನನ್ನನ್ನು ನೋಡಿದರು. "ಜಲಜಕ್ಕಾ, ಶುಗರಿಗೆ ಹಾಗೂ ಆಗ್ತದಾ?"

ಮಗು ಮೆಟ್ಟಿಲಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಯಿಲೆ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಲಿಲ್ಲಿ ಬಾಯಿಗೂ ನಾಯಿಗೂ ಆಮೇಲೆ ಬಹಳ ದೋಸ್ತಿಯಾಯಿತು. ಅವರು ಮೀನು ಕುಯ್ಯುವ ಹೊತ್ತಿಗೆ ಅದು ಕೆಳಗೆ ಹೋಗಿ ತಲೆಗಾಗಿ ಕಾಯುತ್ತಿತ್ತು. ಅಲ್ಲಿ ಸಿಗದಿದ್ದರೆ ಟೆರೇಸಿಗೆ ಹತ್ತಿ ನನ್ನ ಸಂಡಿಗೆ ತಿನ್ನುತ್ತಿತ್ತು. ಹಾಗಾಗಿ ದಿನಕ್ಕೆ ಹತ್ತು ಸಲ ನಮ್ಮ ಮನೆಯಲ್ಲಿ ಇದೇ ಮಾತು: "ಶುಗರ್ ಎಲ್ಲಿ?" "ಶುಗರ್ ಕೆಳಗೆ ಹೋಗಿದೆ." "ಶುಗರ್ ಮೇಲುಂಟು, ಓಡು, ಸಂಡಿಗೆ!" ನಾನು ಕೋಲು ಹಿಡಿದು ಒಮ್ಮೆ ಇಳಿಯುವುದು, ಒಮ್ಮೆ ಹತ್ತುವುದು. ಇದರಲ್ಲಿ ಅಪಾಯ ಉಂಟು ಎಂದು ನನಗೆ ಹೊಳೆಯಲಿಲ್ಲ. ನಾಯಿ ದಿನದಿನ ದಪ್ಪವಾಗುತ್ತಿದೆ ಎಂದು ನೋಡಿದೆ, ಮಗುವಿನ ನಂಬರು ಮಧ್ಯಾಹ್ನ ಸ್ವಲ್ಪ ಇಳಿಯುತ್ತಿದೆ ಎಂದೂ ನೋಡಿದೆ. ಎರಡನ್ನೂ ಬೇರೆ ಬೇರೆ ನೋಡಿದೆ.

ನೋಡದೆ ಇದ್ದದ್ದು ಇನ್ನೊಂದುಂಟು. ಪೂರ್ವಿ ತನ್ನ ಬೆರಳು ಚುಚ್ಚಿಕೊಂಡಾಗಲೆಲ್ಲ, "ಅಜ್ಜೀ, ನಿನ್ನದೂ ಒಮ್ಮೆ ಕೊಡು" ಎನ್ನುತ್ತಿದ್ದಳು. ನಾನು, "ನನಗೆ ಎಂತ ಉಂಟು? ಕಲ್ಲು ತಿಂದರೆ ಕರಗ್ತದೆ" ಎಂದು ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದೆ. ನಿಜ ಹೇಳುತ್ತೇನೆ, ಸೂಜಿ ಎಂದರೆ ನನಗೆ ಹೆದರಿಕೆ. ಬಚ್ಚಲಿನಲ್ಲಿ ಆ ದಿನಗಳಲ್ಲಿ ಸಾಲುಸಾಲು ಇರುವೆ. ಹಾಳು ನಾಯಿ ಅಲ್ಲಿ ಉಚ್ಚೆ ಹೊಯ್ಯುತ್ತದೆ ಎಂದು ಅದಕ್ಕೆ ಬೈದೆ. ಅದು ಉಚ್ಚೆ ಹೊಯ್ಯುತ್ತಿದ್ದದ್ದು ಸೋಫಾದ ಕಾಲಿಗೆ. ಅಲ್ಲಿ ಒಂದು ಇರುವೆಯೂ ಇರಲಿಲ್ಲ.

ಅದು ಒಂದು ಶನಿವಾರ. ಶಾಲೆ ಅರ್ಧ ದಿನ. ಒಂದು ಗಂಟೆಗೆ ಮಗುವಿಗೆ ಸೂಜಿ ಹಾಕಿ, ಅನ್ನ ಮತ್ತು ಬಂಗುಡೆ ಸಾರು ಬಡಿಸಿದೆ. ಸೂಜಿ ಹಾಕಿದ ಮೇಲೆ ಹೇಳಿದಷ್ಟು ಅನ್ನ ಹೊಟ್ಟೆಗೆ ಹೋಗಲೇಬೇಕು. ತಟ್ಟೆ ಖಾಲಿಯಾಯಿತು. ಖಾಲಿ ಮಾಡಿದವರು ಯಾರು ಎಂದು ನಾನು ಬಗ್ಗಿ ನೋಡಲಿಲ್ಲ. ಚಾಪೆ ಹಾಸಿದೆ. ಕಡಲಿನ ಸದ್ದು ಬಂತು, ಸೀರೆ ಬಂತು, ಬೆಳಕು ಬಂತು. ಬಂದರಿನ ಹೋಟೆಲಿನ ಬಾಗಿಲು ತೆರೆದಿತ್ತು. ಯಜಮಾನರು ಬಿಳಿ ಬನಿಯನಿನಲ್ಲಿ ಚಾ ಎತ್ತಿ ಎತ್ತಿ ಹೊಯ್ಯುತ್ತಿದ್ದರು. ಚಾ ಕೆಳಗಿನ ಗ್ಲಾಸನ್ನು ಮುಟ್ಟುತ್ತಲೇ ಇರಲಿಲ್ಲ, ಗಾಳಿಯಲ್ಲೇ ಉದ್ದಕ್ಕೆ ನಿಂತಿತ್ತು. ಸಾಮಾನು ಹೇರುವ ದೊಡ್ಡ ದೋಣಿ, ಮಂಜಿಯೊಂದು, ಹೊಳೆಯಿಂದ ನೇರ ನಮ್ಮ ಬೆಂಚಿನ ತನಕ ಬಂದು ನಿಂತಿತು. ಆಗ ಯಾರೋ ಸಣ್ಣ ಸ್ವರದಲ್ಲಿ, "ಅಜ್ಜೀ... ಶುಗರ್ ಕೆಳಗೆ ಹೋಗಿದೆ" ಎಂದರು.

"ತರ್ತೇನೆ" ಎಂದೆ. ಎದ್ದೆ. ಕೋಲು ತೆಗೆದುಕೊಂಡೆ. ಮೆಟ್ಟಿಲು ಇಳಿಯುವಾಗಲೂ ಮಂಜಿ ನನ್ನ ಜೊತೆಗೇ ಇಳಿಯುತ್ತಿತ್ತು. ಕೆಳಗೆ ಅಂಗಳ ಬಿಸಿಲಿನಲ್ಲಿ ತೇಲುತ್ತಿತ್ತು. ಲಿಲ್ಲಿ ಬಾಯಿಯ ಬಾಗಿಲಿಗೆ ಬೀಗ. ಸ್ಕೂಟರುಗಳ ಅಡಿಯಲ್ಲಿ ನೋಡಿದೆ, ತೆಂಗಿನ ಬುಡದಲ್ಲಿ ನೋಡಿದೆ, ನೀರಿನ ಟಾಂಕಿಯ ಹಿಂದೆ ನೋಡಿದೆ. "ಶುಗರ್, ಬಾ, ಬಾ" ಎಂದು ಹಾಡಿನ ಹಾಗೆ ಕರೆದೆ. ಯಾವ ಅವಸರವೂ ಇರಲಿಲ್ಲ. ಅಂಥ ಸುಖದ ಮಧ್ಯಾಹ್ನ ನನ್ನ ಆಯುಷ್ಯದಲ್ಲಿ ಹೆಚ್ಚು ಬಂದದ್ದಿಲ್ಲ.

ಆಗ ಆಕಾಶದಿಂದ ನಾಯಿ ಬೊಗಳಿತು.

ತಲೆ ಎತ್ತಿದೆ. ಎರಡನೇ ಮಾಳಿಗೆಯ ನಮ್ಮ ಬಾಲ್ಕನಿಯ ಸರಳುಗಳ ನಡುವೆ ಒಂದು ಕಂದು ಮೂತಿ. ಅದರ ತುದಿಗೆ ಸುಣ್ಣ ಬಳಿದ ಹಾಗೆ ಬಿಳಿ. ಶುಗರ್ ಮೇಲುಂಟಲ್ಲ, ಎಂದುಕೊಂಡೆ. ಹಾಗಾದರೆ ಕೆಳಗೆ ಹೋದದ್ದು ಎಂತದು?

ಮಂಜಿ ಅಲ್ಲಿಯೇ ಮುಳುಗಿತು.

ನನ್ನ ಮೊಣಕಾಲಿನ ಬಗ್ಗೆ ಡಾಕ್ಟರು ಹೇಳಿದ್ದೆಲ್ಲ ಸುಳ್ಳು. ಆ ದಿನ ಅದು ಎರಡೆರಡು ಮೆಟ್ಟಿಲು ಹತ್ತಿತು. ಮಗು ಅಡುಗೆಮನೆಯ ನೆಲದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮೈಯೆಲ್ಲ ಬೆವರು, ತುಟಿ ಬಿಳಿ. ಗ್ಲೂಕೋಸಿನ ಡಬ್ಬಿಯನ್ನು ತಾನೇ ತೆರೆಯಲು ಹೋಗಿ, ಕೈ ನಡುಗಿ, ಅರ್ಧ ನೆಲಕ್ಕೆ ಚೆಲ್ಲಿತ್ತು. ಪಕ್ಕದಲ್ಲಿದ್ದ ಮಿಷನ್ ಐವತ್ತೆರಡು ಎನ್ನುತ್ತಿತ್ತು. ಉಳಿದ ಪುಡಿಯನ್ನು ನೀರಿಗೆ ಹಾಕಿ, ಗ್ಲಾಸನ್ನು ಬಾಯಿಗೆ ಹಿಡಿದು, ಗುಟುಕು ಗುಟುಕಾಗಿ ಕುಡಿಸಿದೆ. ಆಮೇಲೆ ಹದಿನೈದು ನಿಮಿಷ ಕಾಯಬೇಕು ಎಂದು ಸಿಸ್ಟರ್ ಹೇಳಿದ್ದಳು. ಗಡಿಯಾರದ ಉದ್ದ ಮುಳ್ಳಿಗೆ ನಾನು ಆ ಹದಿನೈದು ನಿಮಿಷದಲ್ಲಿ ಬೈದ ಬೈಗುಳವನ್ನು ಇಲ್ಲಿ ಹೇಳಲಿಕ್ಕಾಗುವುದಿಲ್ಲ. ನಾಯಿ ಬಾಲ್ಕನಿಯಿಂದ ಬಂದು ನೆಲದ ಪುಡಿಯನ್ನು ಮತ್ತೆ ನೆಕ್ಕಿ ಸೀನಿತು. ನಾಯಿ ಮಗುವನ್ನು ಉಳಿಸಿತು ಎಂದು ಸುಜಾತ ಈಗಲೂ ಊರಿಗೆಲ್ಲ ಹೇಳುತ್ತಾಳೆ. ಸುಳ್ಳು. ಪುಡಿ ಮೂಗಿಗೆ ಹೋದದ್ದಕ್ಕೆ ಅದು ಬೊಗಳಿದ್ದು.

ಸ್ವಲ್ಪ ಹೊತ್ತಿಗೆ ಮಗು ಕಣ್ಣು ತೆರೆದಳು. "ನೀನು ಎಲ್ಲಿಗೆ ಹೋದದ್ದು ಅಜ್ಜಿ?"

"ಕೆಳಗೆ."

"ಯಾಕೆ?"

"ಶುಗರ್ ಹುಡುಕಲಿಕ್ಕೆ."

ಅವಳು ನನ್ನನ್ನು ನೋಡಿದಳು, ನಾಯಿಯ ಬಿಳಿ ಮೂತಿಯನ್ನು ನೋಡಿದಳು, ನಕ್ಕಳು. ಮಿಷನ್ ನೋಡುವ ಮೊದಲೇ ನಂಬರು ಏರಿತು ಎಂದು ನನಗೆ ಗೊತ್ತಾಯಿತು. ತೊಂಬತ್ತೊಂದು. ನಾಯಿಗೆ ಅರ್ಧ ಅನ್ನ ಹಾಕಿದ್ದನ್ನೂ ಆಗಲೇ ಒಪ್ಪಿಕೊಂಡಳು. ಮತ್ತೆ ಒಂದು ತಟ್ಟೆ ಅನ್ನ ತಿನ್ನಿಸಿದೆ, ಒಂದೊಂದು ತುತ್ತನ್ನೂ ಗಂಟಲಿನ ತನಕ ನೋಡಿಕೊಂಡು.

ಸಂಜೆ ಸುಜಾತ ಬಂದಳು. ನಾನು ಮುಚ್ಚಿಡಲಿಲ್ಲ. ಅವಳು ಬ್ಯಾಗು ಕೆಳಗಿಡದೆ ನಿಂತಳು. "ಮಗು ಇಲ್ಲಿ ಬೀಳ್ತಾ ಉಂಟು, ನೀನು ಸ್ಕೂಟರಿನ ಅಡಿಯಲ್ಲಿ ನಾಯಿ ಹುಡುಕಿದ್ದಾ ಅಮ್ಮಾ?"

"ಹೌದು. ಟಾಂಕಿಯ ಹಿಂದೆಯೂ ಹುಡುಕಿದೆ."

"ನಾಳೆಯೇ ಇದನ್ನು ಉಳ್ಳಾಲದ ನಾದಿನಿಯ ಮನೆಗೆ ಬಿಟ್ಟು ಬರ್ತೇನೆ."

ಪೂರ್ವಿ ಅಳಲಿಲ್ಲ. ಅದೇ ನನಗೆ ಕಷ್ಟವಾದದ್ದು. "ಇದಕ್ಕೆ ಟಾಮಿ ಅಂತಲೇ ಹೆಸರಿಡುವ ಅಮ್ಮಾ. ಎಲ್ಲರೂ ನನ್ನದನ್ನೇ ಕೇಳಲಿ, ಪರವಾಗಿಲ್ಲ" ಎಂದಳು, ಮದುವೆಯಾಗಿ ಮೂರು ಮಕ್ಕಳನ್ನು ಹೆತ್ತವಳ ಹಾಗೆ.

ನಾನು ಬಾಯಿ ಹಾಕಿದೆ. "ತಪ್ಪು ನಾಯಿಯದ್ದಲ್ಲ, ಹೆಸರಿನದ್ದೂ ಅಲ್ಲ. ಹೆಸರು ಹಾಗೇ ಇರಲಿ. ರಕ್ತದ ವಿಷಯಕ್ಕೆ ಇನ್ನು ಮೇಲೆ ಕೆಳಗೆ ಎನ್ನುವುದೇ ಬೇಡ, ನಂಬರು ಹೇಳಬೇಕು. ಐವತ್ತೆರಡು ಎಂದರೆ ನಾನು ಸತ್ತಿದ್ದರೂ ಏಳ್ತೇನೆ. ಊಟದ ಹೊತ್ತಿಗೆ ನಾಯಿಯನ್ನು ಬಾಲ್ಕನಿಯಲ್ಲಿ ಕಟ್ಟಿಹಾಕ್ತೇನೆ."

"ನಿನ್ನ ನಿದ್ದೆಯನ್ನು ಎಲ್ಲಿ ಕಟ್ಟಿಹಾಕ್ತಿ?" ಎಂದಳು ಸುಜಾತ.

"ಎರಡು ಗ್ಲಾಸು ಚಾ ಕುಡಿದು ಎದ್ದಿರ್ತೇನೆ. ಶುಗರ್ ಜಾಸ್ತಿ ಹಾಕಿ."

ಆಗ ಮಗು ನನ್ನನ್ನು ಒಂದು ತರ ನೋಡಿದಳು. ಆಸ್ಪತ್ರೆಯ ಡಾಕ್ಟರಮ್ಮ ಕನ್ನಡಕ ಇಳಿಸಿ ನೋಡುವುದು ಹಾಗೆಯೇ. "ಅಜ್ಜೀ, ನಿನಗೆ ಯಾಕೆ ಅಷ್ಟು ನಿದ್ದೆ ಬರ್ತದೆ? ನೀರು ಕೂಡ ತುಂಬ ಕುಡೀತಿ. ಆಸ್ಪತ್ರೆಗೆ ಹೋಗುವ ಮೊದಲು ನನಗೂ ಹಾಗೇ ಆಗ್ತಿತ್ತು."

ನನಗೆ ಬಚ್ಚಲಿನ ಇರುವೆ ನೆನಪಾಯಿತು.

ಮರುದಿನ ಬೆಳಿಗ್ಗೆ ಬಿಸಿಲು ಬಿದ್ದೊಡನೆ ಟೆರೇಸಿನಲ್ಲಿ ಸಂಡಿಗೆ ಹರಡಿ ಬಂದು, ಖಾಲಿ ಹೊಟ್ಟೆಯಲ್ಲಿ ಮಗುವಿನ ಎದುರು ಕೂತು, ಕಣ್ಣು ಗಟ್ಟಿಯಾಗಿ ಮುಚ್ಚಿ, ಬೆರಳು ಕೊಟ್ಟೆ. ಚುಚ್ಚಿದಳು. ನಾನು ಕಿರುಚಿದ್ದು ಲಿಲ್ಲಿ ಬಾಯಿಗೆ ಕೇಳಿತಂತೆ. ಪೂರ್ವಿ ಮಿಷನ್ ನೋಡಿದಳು, ನಿನ್ನೆಯ ನಿಯಮ ಅವಳಿಗೆ ಮರೆತೇ ಹೋಯಿತು. "ಅಜ್ಜೀ, ಶುಗರ್ ಮೇಲುಂಟು!" ಎಂದು ಕೂಗಿದಳು. ನಾನು ತಕ್ಷಣ ಎದ್ದೆ, "ಅಯ್ಯೋ ನನ್ನ ಸಂಡಿಗೆ" ಎಂದು ಕೋಲು ಹಿಡಿದು ಟೆರೇಸಿಗೆ ಹತ್ತಿದೆ. ಅರ್ಧ ಮೆಟ್ಟಿಲು ಏರಿ ತಿರುಗಿ ನೋಡಿದರೆ, ಶುಗರ್ ನನ್ನ ಹಿಂದೆಯೇ ಬರುತ್ತಿತ್ತು.