ಹನ್ನೆರಡನೆಯ ಹಾಸಿಗೆ

ಎಲ್ಲಕ್ಕೂ ಕಾರಣ ನೆಲಕ್ಕೆ ಬಿದ್ದ ಒಂದು ಪೆನ್ನು. ಬೆಳಿಗ್ಗೆ ಅಂಗಡಿ ತೆರೆದ ಸ್ವಲ್ಪ ಹೊತ್ತಿಗೇ, ಗಿರಾಕಿಯೊಬ್ಬರ ಎದುರಿನಲ್ಲೇ, ಹಾಸಿಗೆ ಅಂಗಡಿಯ ಮಾರಾಟಗಾರ ಅದನ್ನು ಎತ್ತಿಕೊಳ್ಳಲು ಬಗ್ಗಿದ. ಬಗ್ಗಿದವನು ಬಗ್ಗಿಯೇ ಇದ್ದ, ಮೇಲೇಳಲು ಆಗಲಿಲ್ಲ. 'ಬೆನ್ನುನೋವೇ? ಇಂದೇ ಮರೆತುಬಿಡಿ' ಎಂಬ ದೊಡ್ಡ ಬೋರ್ಡಿನ ಕೆಳಗೆ, ಒಂದು ಕೈಯಲ್ಲಿ ಪೆನ್ನು, ಇನ್ನೊಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಅಯ್ಯಯ್ಯೋ ಎನ್ನುತ್ತಿದ್ದವನನ್ನು ನೋಡಿ ಗಿರಾಕಿ, ಇನ್ನೊಂದು ದಿನ ಬರ್ತೀನಿ ಎಂದು ಹೊರಟೇ ಹೋದರು.

ಬೋಳುತಲೆಯವನು ಕೂದಲೆಣ್ಣೆ ಮಾರಿದ ಹಾಗಾಯ್ತಲ್ಲಪ್ಪ ಎಂದು ಯಜಮಾನರು ನಿಟ್ಟುಸಿರು ಬಿಟ್ಟರು. ಅವರ ತಲೆಯೂ ಬೋಳೇ ಆದ್ದರಿಂದ ಅವನು ನಗಲಿಲ್ಲ.

ನಾಲ್ಕು ವರ್ಷದಿಂದ ಅವನದು ಇದೇ ಪಾಡು. ಹಿಂದಿನ ವಾರ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದ್ದರು. "ನಿಮ್ಮ ಸೊಂಟದಲ್ಲಿ ಮುರಿದಿರೋದು ಏನೂ ಇಲ್ಲ. ನಿಮಗೆ ಆಗಿರೋದು ದಣಿವು. ದಣಿದ ಬೆನ್ನು ಮೈಭಾರ ಹೊರೋದಿಲ್ಲ, ನೋಯುತ್ತೆ. ನೋವಿಗೆ ನಿದ್ದೆ ಬರಲ್ಲ. ನಿದ್ದೆ ಇಲ್ಲ ಅಂದ್ರೆ ಮತ್ತೆ ದಣಿವು, ಮತ್ತೆ ನೋವು. ದಿನವೆಲ್ಲ ಬಿದ್ಕೊಂಡಿರಿ ಅಂತ ಹೇಳ್ತಿಲ್ಲ, ಓಡಾಡ್ಕೊಂಡಿರಿ. ಆದ್ರೆ ನಾಲ್ಕು ದಿನ ಕೆಲಸ ಬಿಟ್ಟು ಕಣ್ತುಂಬ ನಿದ್ದೆ ಮಾಡಿ."

ಹೇಳುವುದೇನೋ ಸುಲಭ. ಅವನು ಐದಕ್ಕೆ ಏಳಬೇಕು, ಬಸ್ಸಿನಲ್ಲಿ ಒಂದು ಗಂಟೆ ನಿಲ್ಲಬೇಕು, ಅಂಗಡಿಯಲ್ಲಿ ಹತ್ತು ಗಂಟೆ ನಿಲ್ಲಬೇಕು. ಸುತ್ತಲೂ ಐವತ್ತು ಹಾಸಿಗೆ ಇದ್ದರೂ ತುದಿಯಲ್ಲಿ ಕೂರುವಂತಿಲ್ಲ, ಅವು ಗಿರಾಕಿಗಳಿಗೆ. ಸಂಜೆ ಮನೆಗೆ ಹೋದರೆ ಅಲ್ಲಿ ಅವನು ಕಟ್ಟಡದ ಸಂಘದ ಕಾರ್ಯದರ್ಶಿ. ಆ ಪದವಿ ಬಂದದ್ದೂ ದಣಿವಿನಿಂದಲೇ. ಸಭೆಯಲ್ಲಿ ತೂಕಡಿಸುತ್ತಿದ್ದವನ ತಲೆ ಮುಂದಕ್ಕೆ ವಾಲಿದ್ದನ್ನು ಒಪ್ಪಿಗೆ ಎಂದು ತಿಳಿದು ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಚಪ್ಪಾಳೆ ಸದ್ದಿಗೆ ಎಚ್ಚರವಾದಾಗ ನೀರಿನ ಮೋಟರಿನ ಕೀಲಿ ಅವನ ಕೈಯಲ್ಲಿತ್ತು.

ಪೆನ್ನಿನ ಪ್ರಸಂಗವಾದ ಮೇಲೆ ಅವನು ಧೈರ್ಯ ಮಾಡಿ ರಜೆ ಕೇಳಿದ. ಯಜಮಾನರು ಮೂಲೆಯ ರಾಶಿಯತ್ತ ಬೆರಳು ತೋರಿಸಿದರು. 'ಬೆನ್ನುಬಂಧು' ಎಂಬ ಹನ್ನೆರಡು ಹಾಸಿಗೆಗಳು ಎಂಟು ತಿಂಗಳಿಂದ ಅಲ್ಲಿಂದ ಅಲ್ಲಾಡಿರಲಿಲ್ಲ.

"ಅದು ಖಾಲಿಯಾಗ್ಲಿ. ಮಾರನೇ ದಿನದಿಂದಲೇ ನಾಲ್ಕು ದಿನ ರಜೆ ತಗೋ, ಸಂಬಳ ಸಮೇತ," ಎಂದರು.

ಅವನ ಮುಖ ಇಳಿದುಹೋಯಿತು. ಬೆನ್ನುಬಂಧುವಿನ ಹೊಟ್ಟೆಯೊಳಗೆ ಇರುವುದು ಬೇರೆ ಹಾಸಿಗೆಗಳನ್ನು ಕತ್ತರಿಸಿ ಮಿಕ್ಕಿದ ಚೂರುಪಾರು ಸ್ಪಂಜು ಎಂದು ಅವನಿಗೆ ಗೊತ್ತಿತ್ತು. ಊರಿಗೆಲ್ಲ ಮಾರ್ತೀರಿ, ನಮ್ಮನೆಗೆ ಒಂದು ತರೋಕೆ ಏನು ಕಷ್ಟ ಎಂದು ಹೆಂಡತಿ ಕೇಳಿದಾಗಲೆಲ್ಲ ಅವನು ಮಾತು ಮರೆಸುತ್ತಿದ್ದ. ಅವಳಿಗೆ ನಿಜ ಹೇಳಿದರೆ ಅವರದೇ ಕಟ್ಟಡದ ಮೂರನೇ ಮಹಡಿಯಮ್ಮನಿಗೆ ಗೊತ್ತಾಗುತ್ತದೆ. ಆಕೆಗೆ ಗೊತ್ತಾದರೆ ಬೀದಿಗೆಲ್ಲ ಗೊತ್ತಾಗುತ್ತದೆ.

ಮಧ್ಯಾಹ್ನ ಗಂಡ ಹೆಂಡತಿ ಇಬ್ಬರು ಬಂದರು. ಮಲಗಿದರೆ ಹೇಗಿರುತ್ತೆ, ನೀವೇ ತೋರಿಸಿ ಎಂದರು. ಅವನು ಚಪ್ಪಲಿ ಬಿಟ್ಟು, ಹಲ್ಲು ಕಚ್ಚಿ, ಬೆನ್ನುಬಂಧುವಿನ ಮೇಲೆ ಮಲಗಿದ. ಹೀಗೆ ಗೋಡೆ ಕಡೆ ತಿರುಗಿದ್ರೆ ಬೆನ್ನಿಗೆ ಎಷ್ಟು ಹಾಯಾಗಿ ಎಂದು ಶುರುಮಾಡಿದ. ಆ ವಾಕ್ಯ ಅಲ್ಲಿಗೇ ನಿಂತಿತು. ದೀಪದ ಬೆಳಕು ಚುಚ್ಚಿತೆಂದು ದಿಂಬನ್ನು ಮುಖದ ಮೇಲೆ ಎಳೆದುಕೊಂಡದ್ದಷ್ಟೇ ಅವನಿಗೆ ನೆನಪು.

ಮುಂದಿನದು ಅವನಿಗೆ ತಿಳಿದದ್ದು ಆಮೇಲೆ. ಗೊರಕೆ ಕೇಳಿ ಯಜಮಾನರು ಒದ್ದು ಏಳಿಸಲು ಬಂದರಂತೆ. ಆದರೆ ಆ ಹೆಂಗಸು, ಪಾಪ ಎಷ್ಟು ಸುಖವಾಗಿ ಮಲಗಿದಾರೆ ಎಂದು ತಡೆದು, ನಮಗೂ ಇದೇ ಕೊಡಿ ಎಂದಳಂತೆ. ಯಜಮಾನರ ಬೋಳುತಲೆಯೊಳಗೆ ತಟ್ಟನೆ ದೀಪ ಹತ್ತಿಕೊಂಡಿತು. ಮಲಗಿದ್ದವನ ಅಂಗಿಗೆ ಚುಚ್ಚಿದ್ದ ಅಂಗಡಿಯ ಬಿಲ್ಲೆಯನ್ನು ಮೆಲ್ಲಗೆ ಕಿತ್ತು ಜೇಬಿಗೆ ಹಾಕಿಕೊಂಡರು. ಅಲ್ಲಿಂದ ಮುಂದೆ ಬಂದವರಿಗೆಲ್ಲ, ಇವರು ಗಿರಾಕಿ, ಹತ್ತು ವರ್ಷದ ಬೆನ್ನುನೋವಂತೆ, ಸುಮ್ಮನೆ ನೋಡೋಣ ಅಂತ ಮಲಗಿದ್ರು ಎಂದು ಪಿಸುಗುಟ್ಟಿದರು.

ನಾಲ್ಕು ಗಂಟೆಗೆ ಅವನಿಗೆ ಎಚ್ಚರವಾಯಿತು. ಎದ್ದು ನಿಂತ. ಏನೋ ಕಳೆದುಹೋದ ಹಾಗಿತ್ತು, ಕಳೆದುಹೋದದ್ದು ನೋವು. ಬೇಕೆಂದೇ ಪೆನ್ನನ್ನು ಕೆಳಗೆ ಹಾಕಿ ಎತ್ತಿಕೊಂಡ. ನಂಬಿಕೆಯಾಗದೆ ಇನ್ನೊಮ್ಮೆ ಹಾಕಿ ಎತ್ತಿಕೊಂಡ. ಡಾಕ್ಟರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಮೂಲೆ ನೋಡಿದರೆ ಹನ್ನೆರಡೂ ಮಾರಾಟವಾಗಿ ವಿಳಾಸದ ಚೀಟಿ ಅಂಟಿಸಿಕೊಂಡಿದ್ದವು. ಅವನಿಗೆ ಕುಣಿಯಬೇಕೆನ್ನಿಸಿತು, ಕುಣಿಯಲೂ ಸೊಂಟ ತಯಾರಿತ್ತು.

"ನಾಳೆಯಿಂದ ರಜೆ. ನನ್ನ ಮಾತು ಅಂದ್ರೆ ಮಾತು," ಎಂದರು ಯಜಮಾನರು. "ಆದ್ರೆ ಇವತ್ತೇ ಮನೆಗೆ ತಲುಪಿಸ್ತೀವಿ ಅಂತ ಎಲ್ರಿಗೂ ಹೇಳಿದೀನಿ. ಹೊರೆಯಾಳು ಮಧ್ಯಾಹ್ನವೇ ಮನೆಗೆ ಹೋದ. ಅವನಿಗೆ ಬೆನ್ನು ಹಿಡ್ಕೊಂಡಿದೆಯಂತೆ."

ವ್ಯಾನಿನ ಡ್ರೈವರು ಸ್ಟೀರಿಂಗ್ ಬಿಟ್ಟು ಬೇರೇನನ್ನೂ ಮುಟ್ಟುವವನಲ್ಲ. ಮೊದಲ ಹಾಸಿಗೆ ನೆಲಮಹಡಿಗೆ, ಅವನು ಹಾಡು ಗುನುಗುತ್ತ ಹೊತ್ತ. ಎರಡನೆಯದು ಲಿಫ್ಟ್ ಕೆಟ್ಟಿದ್ದ ಕಟ್ಟಡಕ್ಕೆ. ಐದನೆಯದಕ್ಕೆ ಹಾಡು ನಿಂತಿತು. ಏಳನೆಯದಕ್ಕೆ ಆ ಹಳೆಯ ನೆಂಟ ಬಂದು ಸೊಂಟದಲ್ಲಿ ಕಾಲು ಚಾಚಿ ಕೂತ. ಇರಲಿ, ನಾಳೆಯಿಂದ ನಾಲ್ಕು ದಿನ ನಿದ್ದೆ, ನಿದ್ದೆ, ನಿದ್ದೆ ಎಂದು ಮೆಟ್ಟಿಲಿಗೊಂದರಂತೆ ಹೇಳಿಕೊಂಡು ಹತ್ತಿದ.

ಹನ್ನೆರಡನೆಯ ಚೀಟಿ ನೋಡಿ ಅವನು ಕಣ್ಣುಜ್ಜಿಕೊಂಡ. ಅದು ಅವನದೇ ಕಟ್ಟಡ, ಮೂರನೇ ಮಹಡಿ. ಬಾಗಿಲು ತೆರೆದವರು ಮೂರನೇ ಮಹಡಿಯಮ್ಮನೇ.

"ಅಯ್ಯೋ ಸೆಕ್ರೆಟ್ರಿಗಳೇ, ಇಲ್ಲೀವರೆಗೂ ಹೊತ್ತುಬಿಟ್ರಾ? ಗುಟ್ಟಾಗಿರ್ಲಿ ಅಂತ ನನ್ನ ವಿಳಾಸ ಬರೆಸಿದ್ದು. ಇದು ನಿಮ್ಮನೇದು. ಕೆಳಗಿಳಿಸಿ," ಎಂದು ಆಕೆ ಮುಂದೆ ಮುಂದೆ ಮೆಟ್ಟಿಲಿಳಿದರು. ಇಳಿಯುತ್ತಲೇ ಕತೆ ಹೇಳಿದರು. ಮಧ್ಯಾಹ್ನ ಅಂಗಡಿಗೆ ಹೋಗಿದ್ದರಂತೆ. ಅವನೆಲ್ಲಿ ಎಂದು ಕೇಳಿದ್ದಕ್ಕೆ ಹೊರಗೆ ಹೋಗಿದಾನೆ ಎಂದರಂತೆ ಯಜಮಾನರು. "ಯಾರೋ ಒಬ್ಬ ಪುಣ್ಯಾತ್ಮ, ಹತ್ತು ವರ್ಷದ ನೋವಂತೆ, ದಿಂಬು ಮುಚ್ಕೊಂಡು ಏನು ಗೊರಕೆ ಅಂತೀರಿ. ನಿಮಗೂ ಅಂಥಾ ನಿದ್ದೆ ಬರ್ಲಿ ಅಂತ ಓಡ್ಬಂದು ನಿಮ್ಮನೆಯವ್ರಿಗೆ ಹೇಳ್ದೆ."

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳ ಮುಖದ ಸಂತೋಷ ನೋಡಿ, ಆ ಪುಣ್ಯಾತ್ಮ ನಾನೇ ಕಣೇ ಎನ್ನಹೊರಟವನು ಮಾತು ಬದಲಿಸಿದ. ಇದಕ್ಕೆ ದುಡ್ಡು ಎಲ್ಲಿಂದ ಬಂತು ಎಂದಷ್ಟೇ ಕೇಳಿದ.

"ದುಡ್ಡು ಯಾಕ್ರೀ? ಫೋನ್ ಮಾಡಿದ್ರೆ ನಿಮ್ಮ ಯಜಮಾನ್ರೇ ದಾರಿ ತೋರಿಸಿದ್ರು. ನಿಮಗೆ ನಾಲ್ಕು ದಿನ ರಜೆ ಕೊಡ್ತೀನಿ ಅಂದಿದ್ರಂತಲ್ಲ, ಅದನ್ನ ಬಿಟ್ಕೊಟ್ರೆ ಹಾಸಿಗೆ ಸುಮ್ನೆ ಕೊಡ್ತೀನಿ ಅಂದ್ರು. ರಜೆ ನಾಲ್ಕು ದಿನಕ್ಕೆ ಮುಗಿದುಹೋಗುತ್ತೆ, ಹಾಸಿಗೆಗೆ ಹತ್ತು ವರ್ಷ ಗ್ಯಾರಂಟಿ. ಹೂಂ ಅಂದ್ಬಿಟ್ಟೆ. ಮನೆಗೆ ಬರೋವರೆಗೂ ನಿಮಗೆ ಹೇಳ್ಬೇಡಿ ಅಂತಾನೂ ಅಂದೆ."

ಆ ಹತ್ತು ವರ್ಷದ ಗ್ಯಾರಂಟಿಯನ್ನು ಗಿರಾಕಿಗಳಿಗೆಂದು ಬಾಯಿಗೆ ಬಂದಂತೆ ಹುಟ್ಟಿಸಿದವನು ಅವನೇ.

ಅವನನ್ನು ಆಗಲೇ ಮಲಗಿಸಿದರು. ಸ್ಪಂಜಿನ ಗಂಟೊಂದು ನೋವಿರುವ ಜಾಗವನ್ನೇ ಹುಡುಕಿಕೊಂಡು ಬಂದು ಒತ್ತಿತು. ಹೆಂಗಸರಿಬ್ಬರೂ ಮಂಚದ ಪಕ್ಕ ಕೈಕಟ್ಟಿ ನಿಂತು ಕಾದರು. ಇನ್ನೂ ಗೊರಕೆ ಬರ್ಲಿಲ್ವಲ್ಲ ಎಂದು ಹೆಂಡತಿಯ ದನಿ ಸಣ್ಣಗಾಯಿತು. ಅದನ್ನು ಅವನಿಂದ ತಡೆಯಲಾಗಲಿಲ್ಲ. ಗೋಡೆ ಕಡೆ ತಿರುಗಿ, ದಿಂಬನ್ನು ಮುಖದ ಮೇಲೆ ಎಳೆದುಕೊಂಡು, ಸುಳ್ಳು ಗೊರಕೆ ಹೊಡೆಯತೊಡಗಿದ.

"ನೋಡಿದ್ರಾ? ಥೇಟ್ ಆ ಪುಣ್ಯಾತ್ಮನ ಹಾಗೇ," ಎಂದರು ಮೂರನೇ ಮಹಡಿಯಮ್ಮ, ಪಿಸುದನಿಯಲ್ಲಿ. "ನಾಳೆ ಹೊಸ ಸ್ಟಾಕ್ ಬರುತ್ತಂತೆ. ನನಗೂ ಎರಡು ಹೇಳಿಬಿಡ್ತೀನಿ. ಹೇಗೂ ಇವರು ರಜೆ ಹಾಕಲ್ವಲ್ಲ, ಹೊತ್ಕೊಂಡು ಬರ್ತಾರೆ."